ಬೀಗದ ಕೈ ಯಾರ ಹತ್ರ ಇದೆ? ಹಾಸನದಂಥ ಊರು ಮಳೆಗೂ ಜಾತ್ರೆಗೂ ತಯಾರಾಗುವ ಬಗೆ, ಹಂತ ಹಂತವಾಗಿ

ಪುಷ್ಯ ಮಳೆ ಹಿಡಿದಿದ್ದ ಒಂದು ಶನಿವಾರ ರಾತ್ರಿ. ಸಕಲೇಶಪುರ ಕಡೆಯ ಒಂದು ಹಳ್ಳಿ. ಮನೆ ಹಿಂದಿನ ದರೆ, ಅಂದರೆ ಕಡಿದ ಮಣ್ಣಿನ ಗೋಡೆ, ಜಗ್ಗುತ್ತಿದೆ ಅಂತ ನಾಲ್ಕು ಮನೆಯವರು ಮಕ್ಕಳು ಮರಿ, ಗಂಟುಮೂಟೆ ಸಮೇತ ಶಾಲೆ ಹತ್ತಿರ ಬಂದರು. ಮಳೆಗೆ ಮನೆ ಬಿಟ್ಟು ಬಂದವರು ತಂಗುವ ಕಾಳಜಿ ಕೇಂದ್ರಗಳ ಪಟ್ಟಿಯಲ್ಲಿ ಆ ಶಾಲೆಯ ಹೆಸರಿತ್ತು. ಬಾಗಿಲಿಗೆ ಬೀಗವೂ ಇತ್ತು. ಹೆಡ್‌ಮಾಸ್ಟರು ವಾರಾಂತ್ಯಕ್ಕೆ ತಮ್ಮೂರಿಗೆ ಹೋಗಿದ್ದರು, ಬೀಗದ ಕೈ ಅವರ ಬ್ಯಾಗಿನಲ್ಲಿತ್ತು. ಕರೆಂಟ್ ಹೋಗಿ ಟವರ್ ಕೂಡ ಸತ್ತಿದ್ದರಿಂದ ಫೋನ್ ಹತ್ತುತ್ತಿರಲಿಲ್ಲ. ಕೊನೆಗೆ ತೋಟದ ಮೇಸ್ತ್ರಿಯೊಬ್ಬರು ಹಾರೆ ತಂದು ಬೀಗ ಮುರಿದರು. ಸ್ವಯಂಸೇವಕ ಅಂತ ಹೋಗಿದ್ದ ನಾನು ಟಾರ್ಚ್ ಹಿಡಿದು ನಿಂತಿದ್ದೆ. ನನ್ನ ಕೊಡುಗೆ ಅಷ್ಟೇ.

ವಿಪತ್ತು ನಿರ್ವಹಣೆ ಅಂದರೆ ದೋಣಿ, ಹಗ್ಗ, ಹೆಲಿಕಾಪ್ಟರ್ ಅಂದುಕೊಂಡಿದ್ದೆ. ಅದರ ಮುಕ್ಕಾಲು ಪಾಲು ಇಂಥ ಬೀಗದ ಕೈ ವಿಚಾರ ಅಂತ ಆ ರಾತ್ರಿ ಗೊತ್ತಾಯಿತು. ಆಮೇಲೆ ಕೆಲವು ವರ್ಷ ಸಭೆ, ಅಣಕು ಕಾರ್ಯಾಚರಣೆ, ಜಾತ್ರೆಯ ಡ್ಯೂಟಿ ಅಂತ ಓಡಾಡಿ ನೋಡಿದ್ದನ್ನು ಇಲ್ಲಿ ಬರೆದಿದ್ದೇನೆ. ಪಂಚಾಯ್ತಿ ಸದಸ್ಯರು, ಗಣೇಶೋತ್ಸವ ಸಮಿತಿಯವರು, ಹೊಸದಾಗಿ ಕಂದಾಯ ಇಲಾಖೆ ಸೇರಿದವರು, ಸ್ವಯಂಸೇವಕರಾಗಬೇಕು ಅನ್ನುವ ಹುಡುಗರು ಇದನ್ನು ಬಳಸಿಕೊಳ್ಳಬಹುದು.

ಮೊದಲು: ಇದು ಯಾರ ಕೆಲಸ?

2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರ ಇರಬೇಕು. ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಎಸ್‌ಪಿ, ಜಿಲ್ಲಾ ಆರೋಗ್ಯಾಧಿಕಾರಿ ಮುಂತಾದವರು ಸದಸ್ಯರು. ಇದೇ ಕಾಯ್ದೆಯ 31ನೇ ಸೆಕ್ಷನ್ ಜಿಲ್ಲೆಗೊಂದು ಯೋಜನೆ ಬರೆಯಬೇಕು, ವರ್ಷಕ್ಕೊಮ್ಮೆ ಅದನ್ನು ತಿದ್ದಬೇಕು ಅನ್ನುತ್ತದೆ. ರಸ್ತೆ ಬಂದ್ ಮಾಡಿಸುವ, ಜನರನ್ನು ಅಪಾಯದ ಜಾಗದಿಂದ ಕಳಿಸುವ ಅಧಿಕಾರ 34ನೇ ಸೆಕ್ಷನ್ನಿನಲ್ಲಿದೆ. ತಾಲ್ಲೂಕಿನಲ್ಲಿ ತಹಶೀಲ್ದಾರ್, ಹಳ್ಳಿಯಲ್ಲಿ ಪಿಡಿಒ ಮತ್ತು ಗ್ರಾಮ ಆಡಳಿತಾಧಿಕಾರಿ, ನಗರದಲ್ಲಿ ಪಾಲಿಕೆ ಆಯುಕ್ತರು ಈ ಕೆಲಸದ ಕೈಕಾಲು. 2025ರ ತಿದ್ದುಪಡಿಯಲ್ಲಿ ಮಹಾನಗರ ಪಾಲಿಕೆ ಇರುವ ಊರುಗಳಿಗೆ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೂ ದಾರಿ ಮಾಡಿದ್ದಾರೆ.

ಕಾಗದದ ಮೇಲೆ ಎಲ್ಲ ಚೆನ್ನಾಗಿಯೇ ಇದೆ. ಆದರೆ ಪದನಾಮಕ್ಕೆ ಫೋನ್ ಮಾಡಲು ಆಗುವುದಿಲ್ಲ, ಅಲ್ವಾ? ಹುದ್ದೆಯ ಮುಂದೆ ಇವತ್ತು ಆ ಕುರ್ಚಿಯಲ್ಲಿರುವವರ ಹೆಸರು, ಅವರು ರಜೆಯಲ್ಲಿದ್ದರೆ ಯಾರು ಅನ್ನುವ ಇನ್ನೊಂದು ಹೆಸರು, ಎರಡಕ್ಕೂ ನಂಬರ್ ಬೇಕು. ವರ್ಗಾವಣೆ ಆದ ಮಾರನೇ ದಿನವೇ ಪಟ್ಟಿ ಹಳೆಯದಾಗುತ್ತದೆ. ಮೇ ತಿಂಗಳಲ್ಲಿ ಯಾರಾದರೂ ಒಬ್ಬರು ಕೂತು ಪಟ್ಟಿಯ ಪ್ರತಿ ನಂಬರಿಗೂ ಒಮ್ಮೆ ಕರೆ ಮಾಡಿ ನೋಡಲೇಬೇಕು. ಬೇಜಾರಿನ ಕೆಲಸ, ಒಂದು ಮಧ್ಯಾಹ್ನ ಹಿಡಿಯುತ್ತದೆ. ಇದಕ್ಕಿಂತ ಅಗ್ಗದ ತಯಾರಿ ಇನ್ನೊಂದಿಲ್ಲ.

ಹಂತ 1: ಅಪಾಯಗಳ ಪಂಚಾಂಗ ಬರೆಯಿರಿ

ಹಾಸನ ಜಿಲ್ಲೆ ಒಂದೇ ಜಿಲ್ಲೆಯಲ್ಲ ಅನ್ನಿಸುತ್ತದೆ. ಸಕಲೇಶಪುರದ ಘಟ್ಟದಂಚಿನಲ್ಲಿ ವರ್ಷಕ್ಕೆ 2,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ಅರಸೀಕೆರೆಯಲ್ಲಿ ಅದರ ಮೂರನೇ ಒಂದು ಪಾಲು ಬಂದರೆ ದೊಡ್ಡದು. ಒಂದು ಕಡೆ ಗುಡ್ಡ ಜಾರುವ ಹೊತ್ತಿಗೆ ಇನ್ನೊಂದು ಕಡೆ ಟ್ಯಾಂಕರ್ ನೀರಿನ ಟೆಂಡರ್ ನಡೆದಿರುತ್ತದೆ.

ಹಾಗಾಗಿ ತಿಂಗಳ ಲೆಕ್ಕದಲ್ಲಿ ಬರೆದುಕೊಳ್ಳಿ. ಫೆಬ್ರವರಿಯಿಂದ ಏಪ್ರಿಲ್: ಬೆಟ್ಟದ ಹುಲ್ಲಿಗೆ ಬೆಂಕಿ, ಬಯಲು ಸೀಮೆಯಲ್ಲಿ ನೀರಿನ ಕೊರತೆ. ಏಪ್ರಿಲ್, ಮೇ: ಗಾಳಿ, ಸಿಡಿಲು, ಲೈನ್ ಮೇಲೆ ಮರ. ಜೂನ್‌ನಿಂದ ಸೆಪ್ಟೆಂಬರ್: ಭೂಕುಸಿತ, ಹೇಮಾವತಿ ನದಿಗೆ ನೀರು. ಭಾದ್ರಪದದಲ್ಲಿ ಗಣೇಶನ ಮೆರವಣಿಗೆ. ಆಶ್ವಯುಜದಲ್ಲಿ ಹಾಸನಾಂಬೆ ದೇವಿಯ ಜಾತ್ರೆ. ವರ್ಷಪೂರ್ತಿ: ಹೆದ್ದಾರಿ 75ರಲ್ಲಿ ಓಡಾಡುವ ಗ್ಯಾಸ್ ಮತ್ತು ಪೆಟ್ರೋಲ್ ಟ್ಯಾಂಕರ್‌ಗಳು, ಮಂಗಳೂರಿಂದ ಹಾಸನಕ್ಕೆ ನೆಲದೊಳಗೆ ಬರುವ ಇಂಧನದ ಪೈಪ್‌ಲೈನ್, ಸಕಲೇಶಪುರ, ಆಲೂರು, ಬೇಲೂರು ಕಡೆಯ ಆನೆ.

ಆನೆಯನ್ನು ಯಾಕೆ ಸೇರಿಸಿದೆ ಅಂತ ಕೇಳಬೇಡಿ. ಮಳೆಯ ರಾತ್ರಿ ದರೆ ಕುಸಿದ ಮನೆಯಿಂದ ಕಾಳಜಿ ಕೇಂದ್ರಕ್ಕೆ ಕಾಫಿ ತೋಟದ ಒಳದಾರಿಯಲ್ಲಿ ಜನರನ್ನು ನಡೆಸಿಕೊಂಡು ಹೋಗಬೇಕು ಅಂದುಕೊಳ್ಳಿ. ಆ ತೋಟದಲ್ಲಿ ಹಿಂಡು ಬೀಡುಬಿಟ್ಟಿದ್ದರೆ? ಅರಣ್ಯ ಇಲಾಖೆಯವರು ಆನೆ ಇರುವ ಜಾಗದ ಬಗ್ಗೆ ಮೊಬೈಲ್‌ಗೆ ಮೆಸೇಜ್ ಕಳಿಸುತ್ತಾರೆ. ಅದು ಕಂಟ್ರೋಲ್ ರೂಮಿನ ಫೋನಿಗೂ ಬರಬೇಕು.

ಹಂತ 2: ಜಾಗ ಗುರುತಿಸಿ, ಕಾಲ್ನಡಿಗೆಯಲ್ಲಿ

2024ರ ಜುಲೈನಲ್ಲಿ ಶಿರಾಡಿ ಘಾಟ್ ದಾರಿಯ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ಹೆದ್ದಾರಿ ನಿಂತಿತು. ಅದೇ ತಿಂಗಳು ಯಡಕುಮೇರಿ, ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣು ಜಾರಿ ಬೆಂಗಳೂರು–ಮಂಗಳೂರು ರೈಲುಗಳು ದಿನಗಟ್ಟಲೆ ನಿಂತವು. ರಸ್ತೆ, ರೈಲು ಎರಡೂ ಒಟ್ಟಿಗೆ ಕೈಕೊಟ್ಟರೆ ಏನು ಅನ್ನುವುದು ಆಗ ಎಲ್ಲರಿಗೂ ಅರ್ಥವಾಯಿತು.

ಇಂಥ ಜಾಗಗಳ ನಕ್ಷೆ ಕಚೇರಿಯಲ್ಲಿ ಇರುತ್ತದೆ. ಅದು ಸಾಲದು. ಮೇ ಕೊನೆಯಲ್ಲಿ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್, ಗ್ರಾಮ ಆಡಳಿತಾಧಿಕಾರಿ ಮತ್ತು ಆ ಊರಿನ ಒಬ್ಬ ಹಿರಿಯರು ಮೂವರೂ ಒಟ್ಟಿಗೆ ನಡೆದು ನೋಡಬೇಕು. ನೋಡುವುದು ಇವನ್ನು: ರಸ್ತೆಗೋ ಮನೆಗೋ ನೆಟ್ಟಗೆ ಕಡಿದ ದರೆ, ಅದರ ನೆತ್ತಿಯಲ್ಲಿ ಬಿರುಕು, ಓರೆಯಾಗಿ ವಾಲಿದ ಮರ ಅಥವಾ ಕಂಬ, ಹೂಳು ತುಂಬಿದ ಮೋರಿ, ಹೋದ ವರ್ಷ ಇಲ್ಲದ ಜಾಗದಲ್ಲಿ ಹುಟ್ಟಿದ ಒರತೆ. ಒರತೆಯ ನೀರು ಇದ್ದಕ್ಕಿದ್ದಂತೆ ಕೆಸರಾದರೆ ಅಥವಾ ನಿಂತುಹೋದರೆ ಆ ಮನೆಯವರನ್ನು ಅವತ್ತೇ ಕಳಿಸಬೇಕು. ನಾಳೆ ನೋಡೋಣ ಅನ್ನಬಾರದು.

ಮಳೆ ನಿಂತರೂ ಮರದ ಹನಿ ನಿಲ್ಲದು ಅಂತಾರಲ್ಲ, ಗುಡ್ಡದ ವಿಷಯದಲ್ಲಿ ಅದು ಅಕ್ಷರಶಃ ನಿಜ. ಮಣ್ಣು ವಾರಗಟ್ಟಲೆ ನೀರು ಕುಡಿದಿರುತ್ತದೆ. ಬಿಸಿಲು ಬಂತು ಅಂತ ಜನ ಮನೆಗೆ ವಾಪಸ್ ಹೋದ ಮೇಲೂ ದರೆ ಬೀಳಬಹುದು.

ಹಂತ 3: ಸಾಮಾನಿನ ಪಟ್ಟಿ, ಜೊತೆಗೆ ಅದನ್ನು ಓಡಿಸುವವರು

ಜೆಸಿಬಿ, ಹಿಟಾಚಿ, ಮರ ಕಡಿಯುವ ಮಷಿನ್, ಜನರೇಟರ್, ಪಂಪ್, ಹಗ್ಗ, ಟಾರ್ಪಲ್. ಎಲ್ಲಿದೆ, ಯಾರದು, ಆಪರೇಟರ್ ಯಾರು, ಡೀಸೆಲ್ ಯಾವ ಬಂಕಿನಲ್ಲಿ ಸಾಲಕ್ಕೆ ಕೊಡುತ್ತಾರೆ. ತುರ್ತು ಸಮಯದಲ್ಲಿ ಖಾಸಗಿ ವಾಹನ, ಯಂತ್ರ ವಶಕ್ಕೆ ಪಡೆಯುವ ಅಧಿಕಾರ ಕಾಯ್ದೆಯಲ್ಲಿದೆ. ಆದರೂ ಬಾಡಿಗೆ ದರವನ್ನು ಮೊದಲೇ ಮಾತಾಡಿಕೊಂಡು, ಹೋದ ವರ್ಷದ ಬಾಕಿ ತೀರಿಸಿಟ್ಟರೆ ಜೆಸಿಬಿ ತಾನಾಗಿ ಬರುತ್ತದೆ. ಬಾಕಿ ಇದ್ದರೆ 'ಪಂಚರ್ ಆಗಿದೆ ಸಾರ್' ಅನ್ನುವ ಉತ್ತರ ಬರುತ್ತದೆ. ಇದನ್ನು ಯಾವ ಕೈಪಿಡಿಯೂ ಹೇಳುವುದಿಲ್ಲ.

ಘಟ್ಟದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಗುಡ್ಡ ಬಿದ್ದ ಮೇಲೆ ಯಂತ್ರ ಕಳಿಸಿದರೆ ಅದು ಟ್ರಾಫಿಕ್ಕಿನ ಹಿಂದೆ ಸಿಕ್ಕಿಬೀಳುತ್ತದೆ. ಮೊದಲೇ ಅಪಾಯದ ಜಾಗದ ಎರಡೂ ಕಡೆ ಒಂದೊಂದು ನಿಲ್ಲಿಸಿರಬೇಕು. ಶಿರಾಡಿ ಮುಚ್ಚಿದರೆ ಚಾರ್ಮಾಡಿ, ಸಂಪಾಜೆ, ಬಿಸಿಲೆ ಅನ್ನುತ್ತೇವೆ. ಆ ಮೂರೂ ಅದೇ ಮಳೆಯಲ್ಲಿ ನೆನೆಯುತ್ತಿರುತ್ತವೆ, ಭಾರಿ ಲಾರಿಗಳಿಗೆ ಎಲ್ಲವೂ ಆಗಿಬರುವುದಿಲ್ಲ. ಆದ್ದರಿಂದ ಲಾರಿಗಳನ್ನು ಘಟ್ಟದ ಬುಡದಲ್ಲಿ ತಡೆಯುವ ಬದಲು ಹಾಸನದ ಆಚೆಯೇ, ಊಟ ಶೌಚಾಲಯ ಸಿಗುವ ಕಡೆ ನಿಲ್ಲಿಸುವುದು ಒಳ್ಳೆಯದು.

ಹಂತ 4: ಬಣ್ಣವನ್ನು ಕೆಲಸವಾಗಿ ಬದಲಿಸಿ

ಆರೆಂಜ್ ಅಲರ್ಟ್ ಅಂತ ಟಿವಿಯಲ್ಲಿ ಬಂದ ಕೂಡಲೇ ಶಾಲೆಗೆ ರಜಾನಾ ಅಂತ ಕೇಳುತ್ತೇವೆ. ಅದರ ಆಚೆಗೂ ಅರ್ಥ ಇದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ. ಹಳದಿ ಅಂದರೆ ಗಮನವಿಡಿ, ಆರೆಂಜ್ ಅಂದರೆ ತಯಾರಾಗಿ, ಕೆಂಪು ಅಂದರೆ ಕೆಲಸಕ್ಕಿಳಿಯಿರಿ.

ಪ್ರತಿ ಬಣ್ಣಕ್ಕೂ ಯಾರು ಏನು ಮಾಡಬೇಕು ಅನ್ನುವುದನ್ನು ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಉದಾಹರಣೆಗೆ ಹಳದಿಗೆ: ಕಂಟ್ರೋಲ್ ರೂಮಿನಲ್ಲಿ ರಾತ್ರಿ ಪಾಳಿ ಖಚಿತ, ಬ್ಯಾಟರಿ ಚಾರ್ಜ್. ಆರೆಂಜ್‌ಗೆ: ಜೆಸಿಬಿ ಜಾಗಕ್ಕೆ, ಕಾಳಜಿ ಕೇಂದ್ರದ ಬಾಗಿಲು ತೆಗೆದು ಗುಡಿಸಿ, ಬಾಣಂತಿಯರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ನಡೆಯಲಾಗದ ಹಿರಿಯರ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ಬರಬೇಕು. ಕೆಂಪಿಗೆ: ಗುರುತಿಸಿದ ಮನೆಗಳನ್ನು ಕತ್ತಲಾಗುವ ಮೊದಲು ಖಾಲಿ ಮಾಡಿಸಿ. ಕತ್ತಲಾದ ಮೇಲೆ ಯಾರೂ ಕದಲುವುದಿಲ್ಲ. ಹಸು ಬಿಟ್ಟು ಬರಲ್ಲ ಅನ್ನುವವರಿಗೆ ಕೊಟ್ಟಿಗೆಯ ವ್ಯವಸ್ಥೆಯನ್ನೂ ಹೇಳಬೇಕು. ಇಲ್ಲದಿದ್ದರೆ ನೀವು ಎಷ್ಟು ಸಲ ಹೋದರೂ ಅಷ್ಟೇ.

ಗೊರೂರಿನ ಹೇಮಾವತಿ ಜಲಾಶಯದ ಲೆಕ್ಕ ಬೇರೆ. ಗರಿಷ್ಠ ಮಟ್ಟ 2,922 ಅಡಿ, ಸಂಗ್ರಹ 37 ಟಿಎಂಸಿ ಚಿಲ್ಲರೆ. ಹಾಸನದಲ್ಲಿ ಬಿಸಿಲಿದ್ದರೂ ಮೂಡಿಗೆರೆ, ಸಕಲೇಶಪುರದಲ್ಲಿ ಸುರಿದ ಮಳೆಗೆ ಒಳಹರಿವು ಏರುತ್ತದೆ. ಗೇಟ್ ಎತ್ತುವ ಸುದ್ದಿ ಹೊಳೆನರಸೀಪುರದವರೆಗೂ ಹೊಳೆದಂಡೆಯ ಪ್ರತಿ ಊರಿಗೆ ಮುಂಚೆಯೇ ಮುಟ್ಟಬೇಕು. ಅದು ಯಾರಿಗೆ ಮುಟ್ಟಬೇಕು ಅಂತ ಯೋಚಿಸಿ: ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ದಂಡೆಯಲ್ಲಿ ಪಂಪ್‌ಸೆಟ್ ಇಟ್ಟವರು, ಸೆಲ್ಫಿಗೆ ಬಂದ ಪ್ರವಾಸಿಗರು. ಇವರಲ್ಲಿ ಯಾರೂ ಆ ಹೊತ್ತಿಗೆ ವಾಟ್ಸ್‌ಆಪ್ ನೋಡುತ್ತಿರುವುದಿಲ್ಲ. ಟಾಂಟಾಂ, ಸೈರನ್, ದೇವಸ್ಥಾನ ಮಸೀದಿಗಳ ಮೈಕು ಈಗಲೂ ಕೆಲಸಕ್ಕೆ ಬರುತ್ತವೆ.

ಹಂತ 5: ಕಂಟ್ರೋಲ್ ರೂಮ್, ಅಂದರೆ ಒಂದು ಲಾಗ್ ಬುಕ್

1077 ಜಿಲ್ಲಾ ಕಂಟ್ರೋಲ್ ರೂಮಿನ ಸಂಖ್ಯೆ. ಪೊಲೀಸ್, ಅಗ್ನಿಶಾಮಕಕ್ಕೆ 112, ಆಂಬುಲೆನ್ಸ್‌ಗೆ 108, ಕರೆಂಟಿಗೆ 1912. ಮೂರು ಪಾಳಿ, ಪಾಳಿಗೆ ಕನಿಷ್ಠ ಇಬ್ಬರು. ಒಬ್ಬರು ಕೇಳಬೇಕು, ಇನ್ನೊಬ್ಬರು ಆಗಲೇ ಮುಂದಿನವರಿಗೆ ಹೇಳಬೇಕು.

ಒಂದು ಕರೆ ಹೇಗಿರುತ್ತದೆ ನೋಡಿ.

"ಸಾರ್, ಇಲ್ಲಿ ಗುಡ್ಡ ಬಿದ್ದಿದೆ, ಬೇಗ ಬನ್ನಿ!"

"ಯಾವ ಊರು ಹೇಳಿ ಅಣ್ಣಾ. ಪಂಚಾಯ್ತಿ ಯಾವುದು?"

"ನಮ್ಮೂರೇ ಸಾರ್, ಹೊಳೆ ಸೇತುವೆ ದಾಟಿ..."

ಗಾಬರಿಯಲ್ಲಿರುವವರು ಹೀಗೇ ಹೇಳುವುದು. ಅದಕ್ಕೆ ಕೇಳುವವರ ಮುಂದೆ ಪ್ರಶ್ನೆಗಳ ಚೀಟಿ ಇರಬೇಕು. ಹತ್ತಿರದ ಶಾಲೆ, ದೇವಸ್ಥಾನ ಅಥವಾ ಎಸ್ಟೇಟ್ ಯಾವುದು? ಹೆದ್ದಾರಿಯಾದರೆ ಕಿಲೋಮೀಟರ್ ಕಲ್ಲಿನ ಮೇಲೆ ಏನು ಬರೆದಿದೆ? ಮನೆ ಮೇಲೋ ರಸ್ತೆ ಮೇಲೋ? ಒಳಗೆ ಯಾರಾದರೂ ಇದ್ದಾರಾ? ಲೈನ್ ಕೆಳಗೆ ಬಿದ್ದಿದೆಯಾ? ಕೊನೆಯ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ: ಯಾವ ಕಡೆಯ ರಸ್ತೆ ತೆರೆದಿದೆ? ಇದು ಗೊತ್ತಿಲ್ಲದೆ ಕಳಿಸಿದ ಆಂಬುಲೆನ್ಸ್ ಕುಸಿತದ ಈಚೆ ಬಂದು ನಿಲ್ಲುತ್ತದೆ, ಗಾಯಾಳು ಆಚೆ ಇರುತ್ತಾನೆ.

ಲಾಗ್ ಬುಕ್ಕಿನಲ್ಲಿ ಕರೆ ಬಂದ ಸಮಯ, ಯಾರಿಗೆ ಹೇಳಿದ ಸಮಯ, ಅವರು ಹೊರಟ ಸಮಯ, ತಲುಪಿದ ಸಮಯ. ನಾಲ್ಕು ಕಾಲಂ ಸಾಕು. ಕಂಪ್ಯೂಟರ್ ಇದ್ದರೂ ಪುಸ್ತಕ ಇರಲಿ, ಕರೆಂಟ್ ಹೋದಾಗ ಪೆನ್ನೇ ಗತಿ.

ದೊಡ್ಡ ಘಟನೆಯಾದರೆ 'ಇನ್ಸಿಡೆಂಟ್ ರೆಸ್ಪಾನ್ಸ್ ಸಿಸ್ಟಮ್' ಅನ್ನುವ ಪದ್ಧತಿ ಇದೆ, 2010ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ತಂದ ಮಾರ್ಗಸೂಚಿ. ಸರಳವಾಗಿ ಹೇಳಿದರೆ, ಜಾಗದಲ್ಲಿ ಒಬ್ಬರೇ ಯಜಮಾನ. ಅವರ ಕೈಕೆಳಗೆ ಕಾರ್ಯಾಚರಣೆಗೆ ಒಬ್ಬರು, ಮುಂದೇನು ಅಂತ ಯೋಚಿಸಲು ಒಬ್ಬರು, ಸಾಮಾನು ಊಟಕ್ಕೆ ಒಬ್ಬರು, ಪತ್ರಕರ್ತರ ಹತ್ತಿರ ಮಾತಾಡಲು ಒಬ್ಬರು. ನೋಡಲು ಬಂದ ಮುಖಂಡರ ಕಾರುಗಳನ್ನು ಎಲ್ಲಿ ನಿಲ್ಲಿಸಬೇಕು ಅಂತ ನೋಡಲೂ ಒಬ್ಬರು ಬೇಕು ಅಂತ ನಾನು ಸೇರಿಸುತ್ತೇನೆ.

ಹಂತ 6: ಕಾಳಜಿ ಕೇಂದ್ರ

ಬೀಗದ ಕೈ ಎರಡು. ಒಂದು ಶಾಲೆಯವರ ಹತ್ತಿರ, ಇನ್ನೊಂದು ಎದುರು ಮನೆಯಲ್ಲಿ. ಹೆಣ್ಣುಮಕ್ಕಳಿಗೆ ಬೇರೆ ಕೋಣೆ, ಒಳಗಿಂದ ಚಿಲಕ ಹಾಕುವಂತಿರಲಿ. ಶೌಚಾಲಯಕ್ಕೆ ದೀಪ. ಮಲೆನಾಡಿನ ಚಳಿಗೆ ಒದ್ದೆ ಬಟ್ಟೆಯಲ್ಲಿ ಬಂದವರಿಗೆ ಊಟಕ್ಕಿಂತ ಮೊದಲು ಬೇಕಾದದ್ದು ಒಣ ಬಟ್ಟೆ, ಕಂಬಳಿ, ಬಿಸಿ ಕಾಫಿ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ತರಲು ಮೊದಲೇ ಹೇಳಿರಿ. ಪರಿಹಾರದ ಅರ್ಜಿ ಬರೆಯುವಾಗ ಇವುಗಳ ಬೆಲೆ ಗೊತ್ತಾಗುತ್ತದೆ.

ಹಂತ 7: ಜಾತ್ರೆಯೂ ಒಂದು ಮಳೆಗಾಲವೇ

ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ತೆರೆಯುತ್ತದೆ. ದೀಪಾವಳಿ ಮುಗಿಯುವ ಹೊತ್ತಿಗೆ ಮತ್ತೆ ಬಾಗಿಲು. 2025ರಲ್ಲಿ ಬಂದವರು 20 ಲಕ್ಷ ದಾಟಿದರು. 2011ರ ಜನಗಣತಿಯಲ್ಲಿ ಹಾಸನದ ಜನಸಂಖ್ಯೆ ಸುತ್ತಮುತ್ತಲ ಬಡಾವಣೆ ಸೇರಿಸಿದರೂ ಒಂದೂವರೆ ಲಕ್ಷ. ಇಡೀ ಊರಿಗಿಂತ ಜಾಸ್ತಿ ಜನ ಒಂದೇ ದಿನ ಹಳೇ ಊರಿನ ಬೀದಿಗಳಿಗೆ ಬಂದರೆ ಅದೂ ಒಂದು ಪ್ರವಾಹ.

ಇಲ್ಲಿ ಭಕ್ತಿಯ ಜೊತೆ ಗಣಿತ ಬೇಕು. ದಿನಕ್ಕೆ 2 ಲಕ್ಷ ಜನ, 20 ಗಂಟೆ ದರ್ಶನ ಅಂತಿಟ್ಟುಕೊಳ್ಳಿ. ಗಂಟೆಗೆ 10,000. ನಿಮಿಷಕ್ಕೆ 166. ಗರ್ಭಗುಡಿಯ ಮುಂದೆ ಮೂರು ಸಾಲು ಹಾದುಹೋದರೆ ಸಾಲಿಗೆ 55 ಜನ, ಅಂದರೆ ಒಬ್ಬರಿಗೆ ಒಂದು ಸೆಕೆಂಡ್ ಚಿಲ್ಲರೆ. ಅಮ್ಮನವರ ಮುಖ ನೋಡುವಷ್ಟರಲ್ಲಿ ಮುಗಿಯಿತು. ಸಾಲಿನಲ್ಲಿ 40,000 ಜನ ನಿಂತಿದ್ದರೆ ಹೊಸದಾಗಿ ಸೇರಿದವರಿಗೆ ನಾಲ್ಕು ಗಂಟೆ. ನಡುವೆ ನೈವೇದ್ಯಕ್ಕೆ ಎರಡು ಗಂಟೆ ಬಾಗಿಲು ಹಾಕಿದರೆ ಆರು. ಈ ಲೆಕ್ಕವನ್ನು ಗುಟ್ಟಾಗಿ ಇಟ್ಟುಕೊಳ್ಳುವ ಬದಲು ಬಸ್ ನಿಲ್ದಾಣದಲ್ಲಿ, ಪಾರ್ಕಿಂಗ್‌ನಲ್ಲಿ, ಸಾಲಿನ ಬಾಲದಲ್ಲಿ ಬೋರ್ಡ್ ಹಾಕಿ. ಆರು ಗಂಟೆ ಅಂತ ಗೊತ್ತಾದರೆ ಅರ್ಧ ಜನ ತಿಂಡಿ ತಿಂದು, ಮಕ್ಕಳನ್ನು ಮಲಗಿಸಿ ಬರುತ್ತಾರೆ. ಗೊತ್ತಿಲ್ಲದೆ ನಿಂತವರೇ ತಾಳ್ಮೆ ಕಳೆದುಕೊಂಡು ತಳ್ಳುವುದು.

ಒಂದು ಚದರ ಮೀಟರ್ ಜಾಗದಲ್ಲಿ ನಾಲ್ಕು ಜನ ಅಂದರೆ ಒತ್ತೊತ್ತು. ಐದಾರು ಆದರೆ ನಮ್ಮ ಕಾಲು ನಮ್ಮ ಮಾತು ಕೇಳುವುದಿಲ್ಲ, ಗುಂಪು ನೂಕಿದ ಕಡೆ ಹೋಗುತ್ತೇವೆ. ನೂಕುನುಗ್ಗಲಿನಲ್ಲಿ ಹೆಚ್ಚಿನವರು ಸಾಯುವುದು ಉಸಿರು ಕಟ್ಟಿ, ಎಷ್ಟೋ ಸಲ ನಿಂತಲ್ಲೇ. ಆದ್ದರಿಂದ ಬ್ಯಾರಿಕೇಡ್ ಸಾಲನ್ನು ಒಂದೇ ಉದ್ದದ ಪಂಜರ ಮಾಡಬೇಡಿ. ಅಲ್ಲಲ್ಲಿ ಹೊರಗೆ ತೆಗೆಯುವ ಬಾಗಿಲು ಇರಲಿ, ಅದರ ಪಕ್ಕ ಒಬ್ಬ ಮನುಷ್ಯ ಇರಲಿ. ಸಾಲನ್ನು ಗುಡಿಯ ಬಾಗಿಲಲ್ಲಿ ತಡೆಯುವ ಬದಲು ಹಿಂದೆಯೇ, ಜಾಗ ಇರುವ ಕಡೆ ತುಂಡು ತುಂಡಾಗಿ ತಡೆದು ಬಿಡಿ. ಟಿಕೆಟ್ ಸಾಲು, ಧರ್ಮ ದರ್ಶನದ ಸಾಲು, ಗಣ್ಯರ ಸಾಲು ಬಂದು ಕೂಡುವ ಜಾಗವೇ ಎಲ್ಲಕ್ಕಿಂತ ಅಪಾಯದ್ದು. ಗಣ್ಯರ ಸಾಲಿನಲ್ಲಿ ಹೋದ ಪ್ರತಿ ನೂರು ಜನಕ್ಕೆ ಹಿಂದಿನ ನೂರು ಜನ ನಿಲ್ಲುತ್ತಾರೆ, ಮೇಲಿನ ಗಣಿತ ಅಲ್ಲೇ ತಪ್ಪುತ್ತದೆ.

ವಿದ್ಯುತ್ ಅಲಂಕಾರ ಇನ್ನೊಂದು ತಲೆನೋವು. 2023ರ ನವೆಂಬರ್‌ನಲ್ಲಿ ಹಾಸನಾಂಬೆ ದರ್ಶನದ ಸಾಲಿನಲ್ಲಿ ಕರೆಂಟ್ ಹೊಡೆದು, ಗಾಬರಿಯಲ್ಲಿ ಜನ ಓಡಿ ಹಲವರು ಗಾಯಗೊಂಡರು. ಕಬ್ಬಿಣದ ಬ್ಯಾರಿಕೇಡ್, ಅದಕ್ಕೆ ಸುತ್ತಿದ ಸೀರಿಯಲ್ ಲೈಟ್, ಮೇಲೊಂದು ಹಿಂಗಾರಿನ ಹನಿ. ಇಷ್ಟು ಸಾಕು. ವೈರನ್ನು ಬ್ಯಾರಿಕೇಡಿಗೆ ತಾಗಿಸಲೇಬಾರದು. ಬ್ಯಾರಿಕೇಡಿಗೆ ಅರ್ಥಿಂಗ್ ಬೇಕು. ಸೋರಿಕೆಯಾದ ಕೂಡಲೇ ಟ್ರಿಪ್ ಆಗುವ ಬ್ರೇಕರ್ ಪ್ರತಿ ಭಾಗಕ್ಕೂ ಬೇರೆ ಬೇರೆ ಬೇಕು. ಪರೀಕ್ಷೆ ಮಾಡಿದವರು ದಿನಾಂಕ ಬರೆದು ಸಹಿ ಹಾಕಲಿ.

ಮೆರವಣಿಗೆಗೆ ಬೇರೆ ನಿಯಮ. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಗೆ ಟ್ರಕ್ ನುಗ್ಗಿತು. ಸತ್ತವರಲ್ಲಿ ಹೆಚ್ಚಿನವರು ಎಳೆ ಹುಡುಗರು. ಆ ನೋವು ಇನ್ನೂ ಹಸಿ ಇದೆ, ಜಾಸ್ತಿ ಬರೆಯುವುದಿಲ್ಲ. ಮುಖ್ಯ ರಸ್ತೆಗೆ ಇಳಿಯುವ ಮೆರವಣಿಗೆ ಇದ್ದರೆ ಸಮಿತಿಯವರು ಪೊಲೀಸರ ಹತ್ತಿರ ಕೇಳಬೇಕಾದದ್ದು ಇಷ್ಟು: ವಾಹನಗಳನ್ನು ಎಲ್ಲಿಂದ ಬೇರೆ ದಾರಿಗೆ ಕಳಿಸುತ್ತೀರಿ, ಎಷ್ಟು ಗಂಟೆಗೆ, ಮೆರವಣಿಗೆಗೆ ಸಾಕಷ್ಟು ಮೊದಲೇ ವೇಗ ತಗ್ಗಿಸುವ ಬ್ಯಾರಿಕೇಡ್ ಎಲ್ಲಿ ಹಾಕುತ್ತೀರಿ, ಕೊನೆಯಲ್ಲಿ ಮಿನುಗುವ ದೀಪದ ವಾಹನ ಯಾವುದು. ಇಷ್ಟಕ್ಕೆ ಉತ್ತರ ಸಿಗದೆ ಡಿಜೆ ಬುಕ್ ಮಾಡಬೇಡಿ.

ಆಸ್ಪತ್ರೆಗೂ ಮೊದಲೇ ಹೇಳಿ. ಇಂಥ ದಿನ ಇಷ್ಟು ಜನ ಅಂತ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ಗೆ ಗೊತ್ತಿದ್ದರೆ ರಕ್ತನಿಧಿ, ಹೆಚ್ಚುವರಿ ವೈದ್ಯರು, ಹಾಸಿಗೆ ತಯಾರಿರುತ್ತವೆ. ಆಂಬುಲೆನ್ಸ್ ಹೋಗುವ ಬೀದಿಯಲ್ಲಿ ಒಂದೂ ಕಾರು, ಒಂದೂ ಬತ್ತಾಸಿನ ಗಾಡಿ ನಿಲ್ಲಬಾರದು.

ಹಂತ 8: ಅಣಕು ಕಾರ್ಯಾಚರಣೆ, ಆದರೆ ನಾಟಕ ಬೇಡ

ಬಹುತೇಕ ಡ್ರಿಲ್‌ಗಳಲ್ಲಿ ಶಾಮಿಯಾನ ಇರುತ್ತದೆ, ಫೋಟೊಗ್ರಾಫರ್ ಇರುತ್ತಾರೆ, ಗಾಯಾಳು ಪಾತ್ರಧಾರಿ ನಗುತ್ತಿರುತ್ತಾನೆ. ಎಲ್ಲವೂ ಸರಿಯಾಗಿ ನಡೆದ ಡ್ರಿಲ್ಲಿನಿಂದ ಕಲಿಯುವುದೇನೂ ಇಲ್ಲ. ನಾನು ಕಂಡ ಉಪಯುಕ್ತ ಡ್ರಿಲ್ ಒಂದೇ. ಒಬ್ಬ ಅಧಿಕಾರಿ ಮೇಜಿನ ಸುತ್ತ ಎಲ್ಲ ಇಲಾಖೆಯವರನ್ನು ಕೂರಿಸಿ, 'ರಾತ್ರಿ 2 ಗಂಟೆ, ಘಟ್ಟದಲ್ಲಿ ಗ್ಯಾಸ್ ಟ್ಯಾಂಕರ್ ಪಲ್ಟಿ, ಸೋರುತ್ತಿದೆ. ಈಗ ನಿಮ್ಮ ಫೋನ್ ತೆಗೆದು ಮೊದಲ ಕರೆ ಮಾಡಿ' ಅಂದರು. ನಿಜವಾಗಿಯೂ ಮಾಡಿಸಿದರು. ಮೂರು ನಂಬರ್ ಚಾಲ್ತಿಯಲ್ಲಿರಲಿಲ್ಲ. ಒಂದನ್ನು ಎತ್ತಿದವರು ನಿವೃತ್ತರಾಗಿ ಮೊಮ್ಮಗನನ್ನು ಆಡಿಸುತ್ತಿದ್ದರು.

ಹಂತ 9: ಮುಗಿದ ಮೇಲೆ

ವಾರದೊಳಗೆ ಲಾಗ್ ಬುಕ್ ಇಟ್ಟುಕೊಂಡು ಕೂರಿ. ಕರೆ ಬಂದದ್ದಕ್ಕೂ ತಲುಪಿದ್ದಕ್ಕೂ ಎಲ್ಲಿ ಜಾಸ್ತಿ ಸಮಯ ಹೋಯಿತು ಅಂತ ನೋಡಿ. ತಪ್ಪು ಯಾರದು ಅಂತ ಶುರುವಾದರೆ ಸಭೆ ಕೆಟ್ಟಿತು, ಮುಂದಿನ ಸಲ ಯಾರೂ ನಿಜ ಬರೆಯುವುದಿಲ್ಲ.

ಹಾನಿಯ ಸಮೀಕ್ಷೆಗೆ ಬರುವ ಮೊದಲು ಮನೆಯವರು ಫೋಟೊ ತೆಗೆದಿಟ್ಟುಕೊಳ್ಳಲಿ, ಗೋಡೆ ಬಿದ್ದ ದಿನವೇ. ವಿಪತ್ತಿನಲ್ಲಿ ಜೀವ ಹೋದರೆ ವಿಪತ್ತು ಪರಿಹಾರ ನಿಧಿಯ ನಿಯಮದಂತೆ ಕುಟುಂಬಕ್ಕೆ 4 ಲಕ್ಷ ರೂಪಾಯಿ ಇದೆ. ಮನೆ, ದನ, ಬೆಳೆಗೆ ಬೇರೆ ಬೇರೆ ದರ. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡುವುದೂ ಸ್ವಯಂಸೇವಕರ ಕೆಲಸವೇ, ಅದಕ್ಕೆ ಲೈಫ್ ಜಾಕೆಟ್ ಬೇಕಿಲ್ಲ.

ಆ ಹಳ್ಳಿಯ ಶಾಲೆಗೆ ಮುಂದಿನ ಜೂನ್‌ನಲ್ಲಿ ಹೋಗಿದ್ದೆ. ಹೊಸ ಬೀಗ ಹಾಕಿದ್ದರು. ಎರಡನೇ ಕೈಯನ್ನು ಎದುರಿನ ಅಂಗಡಿಯ ಅಜ್ಜಿ ಎಲೆಅಡಿಕೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ತೆಗೆದು ತೋರಿಸಿ, "ಇಲ್ಲೇ ಐತೆ ನೋಡಪ್ಪಾ, ಸುಣ್ಣದ ಕೆಳಗೆ" ಅಂದರು.